ರಷ್ಯಾ ಮತ್ತು ಸುತ್ತಮುತ್ತಲ ಜನರ ಹಬ್ಬ, ಊಟ, ಕೈಕಸುಬು: ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯಾ ಕಡೆಯ ಸಂಪ್ರದಾಯಗಳ ಬಗ್ಗೆ ಮಾತು ಬಂದಾಗೆಲ್ಲ ಜನ ಕೇಳೋ ಪ್ರಶ್ನೆಗಳು ಹೆಚ್ಚೂ ಕಮ್ಮಿ ಇವೇ. ಕೇಳಿದವರ ಮಾತಲ್ಲೇ ಪ್ರಶ್ನೆ ಇಟ್ಟಿದೀನಿ, ಸುಲಭದ್ದು ಮೊದಲು, ಆಳದ್ದು ಕೊನೆಗೆ, ಯಾವುದನ್ನ ಬೇಕಾದ್ರೂ ಬಿಡಿಯಾಗಿ ಓದ್ಕೊಳ್ಳಿ. ಅರಮನೆ, ಬ್ಯಾಲೆ, ದೊಡ್ಡ ದೊಡ್ಡ ಕಾದಂಬರಿಕಾರರ ಬಗ್ಗೆ ಎಲ್ಲಾ ಕಡೆ ಸಿಗತ್ತೆ, ಹಾಗಾಗಿ ಇಲ್ಲಿ ಮನೆಯೊಳಗಿನ ವಿಷಯಾನೇ ಜಾಸ್ತಿ. ದೊರೆ ಬದಲಾಗಿ, ಕ್ಯಾಲೆಂಡರ್ ಬದಲಾಗಿ, ದೇವರೇ ಬೇಡ ಅನ್ನೋ ಸರ್ಕಾರ ಬಂದು ಹೋದ್ರೂ ಅಡುಗೆಮನೆಯಲ್ಲಿ, ಹಳ್ಳಿ ಬಯಲಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬಂದಿದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸತ್ತೆ.

## ಮೊದಲು ಗೊತ್ತಿರಬೇಕಾದ್ದು

ರಷ್ಯಾದಲ್ಲಿರೋರೆಲ್ಲ ರಷ್ಯನ್ನರೇ ಅಲ್ವಾ? ಸುತ್ತಮುತ್ತಲ ಜನ ಅಂದ್ರೆ ಯಾರು?

ಅಲ್ಲ. ಅಲ್ಲಿನ ಜನಗಣತಿಯಲ್ಲಿ 190ಕ್ಕೂ ಹೆಚ್ಚು ಜನಾಂಗಗಳ ಹೆಸರು ಬರತ್ತೆ. ರಷ್ಯನ್ನರದ್ದು ದೊಡ್ಡ ಪಾಲು ಹೌದು, ಆದ್ರೆ ವೋಲ್ಗಾ ನದಿ ಕಡೆ ಹೋದ್ರೆ ತಾತಾರ್, ಚುವಾಷ್, ಮಾರಿ, ಉದ್ಮುರ್ತ್ ಜನ ಸಿಗ್ತಾರೆ, ಬೈಕಾಲ್ ಸರೋವರದ ಸುತ್ತ ಬುರ್ಯಾತರು, ಉತ್ತರದ ಹಿಮದ ಬಯಲಲ್ಲಿ ಹಿಮಸಾರಂಗ ಮೇಯಿಸೋ ನೆನೆಟ್ಸ್, ಲೇನಾ ನದಿ ಕಣಿವೆಯಲ್ಲಿ ಸಾಖಾ ಜನ. ತಾತಾರರಲ್ಲಿ ಬಹುಪಾಲು ಮುಸ್ಲಿಮರು, ಬುರ್ಯಾತರಲ್ಲಿ ಬಹಳ ಜನ ಬೌದ್ಧರು. ಇನ್ನು ಗಡಿಯಾಚೆ ಉಕ್ರೇನ್, ಬೆಲಾರೂಸ್, ಜಾರ್ಜಿಯಾ, ಅರ್ಮೇನಿಯಾ, ಕಝಾಕ್‌ಸ್ತಾನ್. ಇವರೆಲ್ಲ ಒಂದು ಕಾಲದಲ್ಲಿ ಸೋವಿಯತ್ ಒಕ್ಕೂಟದಲ್ಲಿದ್ರು ಅಂತ ನಮ್ಮಲ್ಲಿ ಎಲ್ಲರನ್ನೂ ಸೇರಿಸಿ "ರಷ್ಯಾದವರು" ಅಂದ್ಬಿಡ್ತಾರೆ, ಅವರ ಎದುರಿಗೆ ಹಾಗೆ ಅಂದ್ರೆ ಖಂಡಿತ ಬೇಜಾರು ಮಾಡ್ಕೋತಾರೆ.

ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ಅಲ್ವಾ, ಇವರು ಯಾಕೆ ಜನವರಿ 7ಕ್ಕೆ ಮಾಡ್ತಾರೆ?

ಅವರ ಲೆಕ್ಕದಲ್ಲಿ ಅದೂ ಡಿಸೆಂಬರ್ 25ನೇ. ಅಲ್ಲಿನ ಬಹುಪಾಲು ಕ್ರೈಸ್ತರು ಸೇರಿರೋ ರಷ್ಯನ್ ಆರ್ಥಡಾಕ್ಸ್ ಚರ್ಚು ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಇಟ್ಕೊಂಡಿದೆ, ಅದು ನಾವು ಬಳಸೋ ಕ್ಯಾಲೆಂಡರಿಗಿಂತ ಈಗ 13 ದಿನ ಹಿಂದಿದೆ. ಸರ್ಕಾರ ಮಾತ್ರ 1918ರಲ್ಲಿ ಬದಲಾಯಿಸ್ಕೊಂಡ್ತು, ಆ ವರ್ಷ ಅಲ್ಲಿ ಜನವರಿ 31 ಆದ ಮಾರನೇ ದಿನವೇ ಫೆಬ್ರವರಿ 14. ಚರ್ಚು ಒಪ್ಪಲಿಲ್ಲ, ಅವತ್ತಿಂದ ಮನೆಗೋಡೆ ಮೇಲೆ ಒಂದು ಕ್ಯಾಲೆಂಡರ್, ದೇವರ ಕೆಲಸಕ್ಕೆ ಇನ್ನೊಂದು. ಇದ್ರಿಂದ ಹುಟ್ಟಿದ ಇನ್ನೊಂದು ಹಬ್ಬಾನೂ ಇದೆ, ಜನವರಿ 13ರ ರಾತ್ರಿ "ಹಳೆಯ ಹೊಸ ವರ್ಷ" ಅಂತ ಮತ್ತೊಮ್ಮೆ ಎಲ್ಲರೂ ಟೇಬಲ್ ಸುತ್ತ ಕೂತು ಉಣ್ತಾರೆ.

ಪಕ್ಕದವರದ್ದೆಲ್ಲ ಒಂದೇ ರೀತಿ ಇಲ್ಲ. ಜಾರ್ಜಿಯಾದಲ್ಲಿ ಜನವರಿ 7, ಅರ್ಮೇನಿಯಾದಲ್ಲಿ ಜನವರಿ 6. ಉಕ್ರೇನ್ 2023ರಲ್ಲಿ ಕಾನೂನು ಮಾಡಿ ಸರ್ಕಾರಿ ರಜೆಯನ್ನ ಡಿಸೆಂಬರ್ 25ಕ್ಕೆ ತಂದ್ಕೊಂಡ್ತು. ಯುದ್ಧದ ನಡುವೆ ಅಲ್ಲಿ ಹಬ್ಬದ ತಾರೀಕು ಕೂಡ ನಾವು ಯಾರು ಅನ್ನೋ ಪ್ರಶ್ನೆಗೆ ಉತ್ತರ ಆಗಿದೆ.

ದೇವರನ್ನ ಒಪ್ಪದ ಸೋವಿಯತ್ ಸರ್ಕಾರದಲ್ಲಿ ಕ್ರಿಸ್ಮಸ್ ಟ್ರೀ ಹೇಗೆ ಇತ್ತು?

ಸ್ವಲ್ಪ ವರ್ಷ ಇರಲೇ ಇಲ್ಲ. 1920ರ ದಶಕದ ಕೊನೆಗೆ ಹಬ್ಬಾನೂ ಬೇಡ, ಮರಾನೂ ಬೇಡ ಅಂತ ಪ್ರಚಾರ ಜೋರಾಯ್ತು, ಇಡೋರು ಕಿಟಕಿಗೆ ಪರದೆ ಹಾಕ್ಕೊಂಡು ಇಡೋರು. 1935ರ ಡಿಸೆಂಬರ್ ಕೊನೆಯಲ್ಲಿ ಪಾರ್ಟಿ ನಾಯಕ ಪಾವೆಲ್ ಪೊಸ್ತಿಷೆವ್ ಪ್ರಾವ್ದಾ ಪತ್ರಿಕೆಗೆ ಒಂದು ಪತ್ರ ಬರೆದು ಮಕ್ಕಳಿಗೆ ಹೊಸ ವರ್ಷದ ಮರ ಇಡೋಣ ಅಂದ್ರು, ಕೆಲವೇ ದಿನದಲ್ಲಿ ಮರ ವಾಪಸ್ ಬಂತು, ಆದ್ರೆ ಕ್ರಿಸ್ಮಸ್ಸಿಗಲ್ಲ, ಡಿಸೆಂಬರ್ 31ಕ್ಕೆ. ಬಿಳಿ ಗಡ್ಡದ ದೇದ್ ಮರೋಜ್ ತಾತ, ಜೊತೆಗೆ ಮೊಮ್ಮಗಳು ಸ್ನೆಗೂರೊಚ್ಕಾ, ಇವರೂ ಹೊಸ ವರ್ಷದ ಪಾಲಾದ್ರು. ಜನವರಿ 7 ಮತ್ತೆ ಸರ್ಕಾರಿ ರಜೆ ಆಗಿದ್ದು 1991ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ಹೊಸ ವರ್ಷಾನೇ ಮನೆಮಂದಿಯೆಲ್ಲ ಸೇರೋ ಹಬ್ಬ ಮಾಡ್ಕೊಂಡು ಬೆಳೆದಿತ್ತು, ಹಾಗಾಗಿ ಇವತ್ತಿಗೂ ಅಲ್ಲಿ ಅದೇ ವರ್ಷದ ದೊಡ್ಡ ರಾತ್ರಿ.

ಮಗ ಮೆಡಿಕಲ್ ಓದೋಕೆ ಅಲ್ಲಿಗೆ ಹೋಗ್ತಿದಾನೆ. ಯಾರಾದ್ರೂ ಮನೆಗೆ ಕರೆದ್ರೆ ಏನೇನು ಗಮನಿಸ್ಬೇಕು?

ಬರಿಗೈಲಿ ಹೋಗೋದು ಬೇಡ, ಚಾಕ್ಲೇಟ್ ಡಬ್ಬ ಅಥವಾ ಹೂವು ಸಾಕು. ಹೂವು ಕೊಟ್ರೆ ಮಾತ್ರ ಬೆಸ ಸಂಖ್ಯೆಯಲ್ಲೇ ಇರಲಿ, ಮೂರೋ ಐದೋ ಏಳೋ, ಯಾಕಂದ್ರೆ ಎರಡು, ನಾಲ್ಕು ಹೂವು ಅಲ್ಲಿ ಸಾವಿನ ಮನೆಗೆ, ಸಮಾಧಿಗೆ ಒಯ್ಯೋದು. ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡ್ಬೇಕು, ಇದು ನಮ್ಮವರಿಗೆ ಹೇಳಿಕೊಡೋದೇ ಬೇಡ, ಒಳಗೆ ಹಾಕ್ಕೊಳ್ಳೋಕೆ ಅವರೇ ಮನೆ ಚಪ್ಪಲಿ ಕೊಡ್ತಾರೆ. ಹೊಸ್ತಿಲ ಆ ಕಡೆ ಈ ಕಡೆ ನಿಂತು ಕೈ ಕುಲುಕಬಾರದು, ಒಂದೋ ಒಳಗೆ ಬನ್ನಿ, ಇಲ್ಲ ಅವರು ಹೊರಗೆ ಬರ್ಲಿ. ಹೊಸ್ತಿಲ ಬಗ್ಗೆ ಅವರಿಗಿರೋ ಭಯಭಕ್ತಿ ನೋಡಿದ್ರೆ ಹುಡುಗನಿಗೆ ಮನೆ ನೆನಪಾಗೋದು ಗ್ಯಾರಂಟಿ.

ದೂರದ ಊರಿಗೆ ಹೊರಡೋ ಮುಂಚೆ ಬ್ಯಾಗೆಲ್ಲ ಕಟ್ಟಿ ಆದ್ಮೇಲೆ ಮನೆಯವರೆಲ್ಲ ಒಂದು ನಿಮಿಷ ಸುಮ್ಮನೆ ಕೂತ್ಕೋತಾರೆ, ಬ್ಯಾಗ್ ಮೇಲಾದ್ರೂ ಸರಿ. ಆಗ ಮಾತಾಡಬೇಡ ಅಂತ ಹೇಳಿ ಕಳ್ಸಿ. ಮದುವೆ, ಸಭೆ ಅಂಥ ಕಡೆ ಕಸೂತಿ ಟವೆಲ್ ಮೇಲೆ ಬ್ರೆಡ್ಡು, ಉಪ್ಪು ಇಟ್ಕೊಂಡು ಸ್ವಾಗತ ಮಾಡಿದ್ರೆ ಒಂದು ಚೂರು ಮುರಿದು ಉಪ್ಪಿಗೆ ಅದ್ದಿ ತಿನ್ಬೇಕು, ಫೋಟೋ ತೆಗೆದು ಸುಮ್ಮನಾಗೋದಲ್ಲ.

## ಊಟ, ಟೀ, ಸ್ನಾನ

ಮಾಸ್ಲೆನಿತ್ಸಾ ಅಂದ್ರೆ ಬರೀ ಪ್ಯಾನ್‌ಕೇಕ್ ತಿನ್ನೋ ಹಬ್ಬನಾ?

ತಿನ್ನೋದಂತೂ ಇದೆ, ವಾರ ಪೂರ್ತಿ. ಈಸ್ಟರಿಗೆ ಮುಂಚೆ ಏಳು ವಾರದ ದೊಡ್ಡ ಉಪವಾಸ ಬರತ್ತೆ, ಆ ಉಪವಾಸ ಶುರುವಾಗೋ ಹಿಂದಿನ ವಾರವೇ ಮಾಸ್ಲೆನಿತ್ಸಾ. ಆ ವಾರ ಮಾಂಸ ಆಗಲೇ ಬಂದ್, ಹಾಲು ಬೆಣ್ಣೆ ಮೊಟ್ಟೆ ಇನ್ನೂ ನಡೆಯತ್ತೆ, ಹಾಗಾಗಿ ಇದ್ದಬದ್ದ ಬೆಣ್ಣೆಯೆಲ್ಲ ಬ್ಲಿನಿ ಮೇಲೆ ಸುರೀತಾರೆ. ಬ್ಲಿನಿ ಅಂದ್ರೆ ಹುದುಗು ಬರಿಸಿದ ಹಿಟ್ಟಲ್ಲಿ, ಹಳೇ ಪದ್ಧತಿಯಲ್ಲಾದ್ರೆ ಬಕ್‌ವೀಟ್ ಅನ್ನೋ ಕಾಳಿನ ಹಿಟ್ಟು ಸೇರಿಸಿ, ನಮ್ಮ ದೋಸೆ ಹಾಗೇ ಕಾವಲಿ ಮೇಲೆ ತೆಳ್ಳಗೆ ಹುಯ್ಯೋದು, ಮೊದಲನೆಯದು ಮುದ್ದೆ ಆಗತ್ತೆ ಅನ್ನೋ ಗಾದೆ ಕೂಡ ಅವರಲ್ಲಿದೆ.

ಏಳು ದಿನಕ್ಕೂ ಒಂದೊಂದು ಹೆಸರು, ಒಂದೊಂದು ಕೆಲಸ. ಸೋಮವಾರ ಹುಲ್ಲಿನ ಹೆಂಗಸಿನ ಬೊಂಬೆ ಕಟ್ಟಿ ಸ್ವಾಗತ, ಮಂಗಳವಾರ ಹುಡುಗ ಹುಡುಗಿಯರ ಆಟ, ಹಿಮದ ಇಳಿಜಾರಲ್ಲಿ ಜಾರೋದು. ಬುಧವಾರ ಅತ್ತೆ ಮನೆಗೆ ಅಳಿಯ ಹೋಗಿ ಬ್ಲಿನಿ ತಿಂದು ಬರ್ಬೇಕು, ಶುಕ್ರವಾರ ಅತ್ತೆಯನ್ನ ಅಳಿಯ ತನ್ನ ಮನೆಗೆ ಕರೆದು ಉಪಚಾರ ಮಾಡ್ಬೇಕು, ಶನಿವಾರ ಸೊಸೆ ತನ್ನ ಗಂಡನ ಅಕ್ಕತಂಗಿಯರನ್ನ ಕರೀಬೇಕು. ಹೊಸದಾಗಿ ಮದುವೆಯಾದವರನ್ನ ಎರಡೂ ಕಡೆಯ ಸಂಬಂಧದೊಳಗೆ ಸೇರಿಸ್ಕೊಳ್ಳೋಕೆ ಇಡೀ ಊರು ಮಾಡ್ಕೊಂಡ ಏರ್ಪಾಡು ಇದು, ನನಗೆ ಇದರಲ್ಲಿ ಬಹಳ ಇಷ್ಟವಾಗೋದೇ ಈ ಭಾಗ. ಸೈಬೀರಿಯಾ ಕಡೆ ಹಿಮದಲ್ಲಿ ಕೋಟೆ ಕಟ್ಟಿ ಕುದುರೆ ಮೇಲೆ ನುಗ್ಗಿ ಒಡೆಯೋ ಆಟ ಇತ್ತು.

ಭಾನುವಾರ ಕ್ಷಮೆ ಕೇಳೋ ದಿನ. ದೊಡ್ಡವರು ಚಿಕ್ಕವರು ಅನ್ನದೆ ಒಬ್ಬರಿಗೊಬ್ಬರು "ನನ್ನನ್ನ ಕ್ಷಮಿಸು" ಅಂತಾರೆ, ಅದಕ್ಕೆ ಉತ್ತರ "ದೇವರು ಕ್ಷಮಿಸ್ತಾನೆ, ನಾನೂ ಕ್ಷಮಿಸಿದೀನಿ". ಆಮೇಲೆ ಹುಲ್ಲಿನ ಬೊಂಬೆಗೆ ಬೆಂಕಿ ಇಡ್ತಾರೆ, ಸೋಮವಾರದಿಂದ ಉಪವಾಸ.

ನಾವು ಪ್ಯೂರ್ ವೆಜ್. ಅಲ್ಲಿ ಉಪವಾಸ ಬದುಕ್ಬೇಕಾ?

ಅವರ ಉಪವಾಸವೇ ನಿಮಗೆ ಊಟ. ಆರ್ಥಡಾಕ್ಸ್ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ, ಈಸ್ಟರಿಗೆ ಮುಂಚಿನದ್ದಷ್ಟೇ ಅಲ್ಲ, ವರ್ಷದಲ್ಲಿ ಇನ್ನೂ ಕೆಲವು ದೀರ್ಘ ಉಪವಾಸಗಳಿವೆ, ಅದರ ಜೊತೆ ಬಹುತೇಕ ಎಲ್ಲಾ ಬುಧವಾರ, ಶುಕ್ರವಾರ. ಇದಕ್ಕೋಸ್ಕರವೇ ಬೆಳೆದ ಒಂದು ಅಡುಗೆ ಪದ್ಧತಿ ಇದೆ: ಅಣಬೆ ಸೂಪು, ಗ್ರೆಚ್ಕಾ ಅನ್ನೋ ಬಕ್‌ವೀಟ್ ಅನ್ನ, ಹುಳಿ ಬರಿಸಿದ ಎಲೆಕೋಸು, ಎಲೆಕೋಸು ಇಲ್ಲ ಆಲೂಗಡ್ಡೆ ತುಂಬಿ ಬೇಯಿಸಿದ ಪಿರೊಗಿ ಅನ್ನೋ ಕಡುಬು, ಬಟಾಣಿ, ಬೀಟ್‌ರೂಟ್ ಸಲಾಡು. ಹೋಟೆಲಲ್ಲಿ "ಪೋಸ್ತ್ನೊಯೆ ಮೆನು" ಅಂತ ಕೇಳಿ. ಒಂದೇ ಎಚ್ಚರಿಕೆ, ಕೆಲವು ದಿನ ಮೀನಿಗೆ ಅನುಮತಿ ಇದೆ, ಸೀಗಡಿಯನ್ನೂ ಉಪವಾಸದ ಊಟ ಅಂತಲೇ ಎಷ್ಟೋ ಕಡೆ ಬಡಿಸ್ತಾರೆ, ಅದನ್ನ ಬಿಡಿಸಿ ಕೇಳ್ಕೊಳ್ಳಿ.

ಈಸ್ಟರ್ ಮೊಟ್ಟೆಗೆ ಈರುಳ್ಳಿ ಸಿಪ್ಪೆ ಯಾಕೆ ಹಾಕ್ತಾರೆ?

ಬಣ್ಣಕ್ಕೆ. ತಿಂಗಳುಗಟ್ಟಲೆ ಸಿಪ್ಪೆ ಕೂಡಿಟ್ಟು ಅದರಲ್ಲೇ ಮೊಟ್ಟೆ ಬೇಯಿಸಿದ್ರೆ ಗಾಢ ಕೆಂಪುಗಂದು ಬರತ್ತೆ, ಆಮೇಲೆ ಒಂದು ತೊಟ್ಟು ಎಣ್ಣೆ ಸವರಿದ್ರೆ ಹೊಳಪು. ಜೊತೆಗೆ ಎತ್ತರದ ಡಬ್ಬಿಯಲ್ಲಿ ಬೇಯಿಸಿದ ಕುಲಿಚ್ ಅನ್ನೋ ಸಿಹಿ ಬ್ರೆಡ್ಡು, ಗಟ್ಟಿ ಮೊಸರುಗಿಣ್ಣಿಗೆ ಬೆಣ್ಣೆ ಸಕ್ಕರೆ ಸೇರಿಸಿ ಮರದ ಅಚ್ಚಲ್ಲಿ ಗೋಪುರದ ಆಕಾರಕ್ಕೆ ಒತ್ತಿದ ಪಾಸ್ಖಾ, ಇವನ್ನೆಲ್ಲ ಶನಿವಾರ ಚರ್ಚಿಗೆ ಒಯ್ದು ತೀರ್ಥ ಹಾಕಿಸ್ಕೊಂಡು ಬರ್ತಾರೆ. ಉಕ್ರೇನಿನ ಪೀಸಂಕಾ ಇನ್ನೂ ಸೂಕ್ಷ್ಮದ ಕೆಲಸ, ಹಸಿ ಮೊಟ್ಟೆ ಮೇಲೆ ಕರಗಿದ ಜೇನುಮೇಣದಲ್ಲಿ ಗೆರೆ ಎಳೆದು ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಒಂದೊಂದಾಗಿ ಅದ್ದಿ, ಕೊನೆಗೆ ಮೇಣದಬತ್ತಿ ಪಕ್ಕ ಹಿಡಿದು ಮೇಣ ಕರಗಿಸಿ ಒರೆಸಿದಾಗಲೇ ಚಿತ್ರ ಕಾಣೋದು.

ಈಸ್ಟರ್ ಆದ ಮೇಲಿನ ಎರಡನೇ ಮಂಗಳವಾರ ರಾದೊನಿತ್ಸಾ, ಅವತ್ತು ಸಮಾಧಿಗಳಿಗೆ ಹೋಗಿ ಹಿರಿಯರಿಗೂ ಈ ಮೊಟ್ಟೆ, ಕುಲಿಚ್ ಇಟ್ಟು ಬರ್ತಾರೆ.

ಸಮೋವಾರ್ ಒಳಗೆ ಟೀ ಕುದಿಸ್ತಾರಾ?

ಇಲ್ಲ, ಸಮೋವಾರ್ ಅಂದ್ರೆ ನೀರು ಕಾಯಿಸೋ ಲೋಹದ ಪಾತ್ರೆ, ಒಳಗೆ ಬರೀ ನೀರು. ನಡುವೆ ಒಂದು ಕೊಳವೆ, ಅದರೊಳಗೆ ಕೆಂಡ ಇಲ್ಲ ಪೈನ್ ಕಾಯಿ ಉರೀತಿರತ್ತೆ, ಸುತ್ತ ನೀರು, ಕೆಳಗೆ ನಲ್ಲಿ. ಟೀ ಡಿಕಾಕ್ಷನ್ ಬೇರೆ ಪುಟ್ಟ ಕೆಟಲಿನಲ್ಲಿ ಕಡುವಾಗಿ ಮಾಡಿ ಸಮೋವಾರ್ ತಲೆ ಮೇಲೆ ಇಡ್ತಾರೆ, ಬಿಸಿ ಆರಲ್ಲ. ಕಪ್ಪಿಗೆ ಸ್ವಲ್ಪ ಡಿಕಾಕ್ಷನ್, ಮೇಲೆ ಕುದಿನೀರು, ಜೊತೆಗೆ ಜಾಮು ಅಥವಾ ಸಕ್ಕರೆ ಗಡ್ಡೆ. ಟೀ ರಷ್ಯಾ ಅರಮನೆಗೆ ಬಂದಿದ್ದು 1638ರಲ್ಲಿ, ಮಂಗೋಲ್ ಅರಸ ಅಲ್ತಿನ್ ಖಾನ್ ಕಳಿಸಿದ ಉಡುಗೊರೆಯಾಗಿ. ಆಮೇಲೆ ಚೀನಾದ ಟೀ ಕ್ಯಾಖ್ತಾ ಅನ್ನೋ ಗಡಿ ಊರಿನ ಮೂಲಕ ಒಂಟೆ ಮೇಲೆ, ಗಾಡಿ ಮೇಲೆ ಸೈಬೀರಿಯಾ ದಾಟಿ ಬರ್ತಿತ್ತು. ತೂಲಾ ಊರಿನಲ್ಲಿ 1778ರ ಹೊತ್ತಿಗೆ ಲಿಸಿತ್ಸಿನ್ ಸಹೋದರರು ಸಮೋವಾರ್ ಮಾಡೋಕೆ ಶುರು ಮಾಡಿದ್ರು, ಉರಾಲ್ ಕಡೆ ಅದಕ್ಕಿಂತ ಮುಂಚೇನೂ ಇತ್ತು. ಬುರ್ಯಾತರ, ಕಾಸ್ಪಿಯನ್ ಸಮುದ್ರದ ಕಡೆಯ ಕಲ್ಮೀಕ್ ಜನರ ಮನೆಗಳಲ್ಲಿ ಟೀ ಅಂದ್ರೆ ಹಾಲು, ಉಪ್ಪು, ಬೆಣ್ಣೆ ಹಾಕಿದ್ದು, ಅದನ್ನ ಟೀ ಅಂದ್ಕೊಳ್ಳದೆ ಸೂಪು ಅಂದ್ಕೊಂಡು ಕುಡಿದ್ರೆ ರುಚಿ ಬೇಗ ಹಿಡಿಯತ್ತೆ.

ಬಾನ್ಯಾದಲ್ಲಿ ಸೊಪ್ಪಿನ ಕಟ್ಟು ಹಿಡ್ಕೊಂಡು ಹೊಡೀತಾರಂತೆ, ನಿಜಾನಾ?

ನಿಜ, ಆದ್ರೆ ನೋವಾಗೋ ಹಾಗಲ್ಲ. ಬಾನ್ಯಾ ಅಂದ್ರೆ ಅವರ ಹಬೆ ಸ್ನಾನದ ಮನೆ. ಬೇಸಿಗೆಯಲ್ಲಿ ಎಲೆ ಇನ್ನೂ ಎಳೆಯದಾಗಿರುವಾಗ ಬರ್ಚ್ ಇಲ್ಲ ಓಕ್ ಮರದ ಕೊಂಬೆ ಕಡಿದು ಕಟ್ಟು ಕಟ್ಟಿ ನೆರಳಲ್ಲಿ ಒಣಗಿಸ್ತಾರೆ, ಬಳಸೋವಾಗ ಬಿಸಿನೀರಲ್ಲಿ ನೆನೆಸ್ತಾರೆ, ಇದೇ ವೆನಿಕ್. ಕಾದ ಕಲ್ಲಿನ ಮೇಲೆ ನೀರು ಚೆಲ್ಲಿ ಹಬೆ ಎಬ್ಬಿಸಿ, ಆ ಹಬೆಯನ್ನ ವೆನಿಕ್‌ನಿಂದ ಮೈಮೇಲೆ ಎಳೆದು ಒತ್ತೋದು, ಕೊನೆಗೆ ಪಟಪಟ ಬಡಿಯೋದು, ಹೊರಗೆ ಓಡಿ ತಣ್ಣೀರಿಗೋ ಹಿಮಕ್ಕೋ ಬೀಳೋದು. 12ನೇ ಶತಮಾನದ ಕೀವ್ ಇತಿಹಾಸ ಬರಹದಲ್ಲೇ ಇದರ ವರ್ಣನೆ ಇದೆ, ತಮ್ಮನ್ನ ತಾವೇ ಬಡ್ಕೋತಾರೆ ಅಂತ ನೋಡಿದವರು ಬೆರಗಾದ ಕಥೆ ಅದು. ಹಳ್ಳಿಗಳಲ್ಲಿ ಹೆರಿಗೆ ಆಗ್ತಿದ್ದಿದ್ದೂ ಬಾನ್ಯಾದಲ್ಲೇ, ಬೆಚ್ಚಗೆ, ಶುಚಿಯಾಗಿ, ಬಿಸಿನೀರು ಕೈಗೆ ಸಿಗೋ ಜಾಗ ಅಂತ. ಚಿಮಣಿ ಇಲ್ಲದ "ಕರಿ ಬಾನ್ಯಾ"ದಲ್ಲಿ ಮೊದಲು ಹೊಗೆಯೆಲ್ಲ ಬಾಗಿಲಿಂದ ಹೋಗೋವರೆಗೆ ಕಾಯಬೇಕು, ಎಸ್ಟೋನಿಯಾದ ವೋರೊಮಾ ಕಡೆಯ ಇಂಥದೇ ಹೊಗೆ ಸೌನಾ 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಬಿಪಿ, ಹಾರ್ಟ್ ತೊಂದ್ರೆ ಇರೋರು ಡಾಕ್ಟರನ್ನ ಕೇಳದೆ ಹೋಗ್ಬೇಡಿ.

## ಕೈಕಸುಬು

ಮತ್ರ್ಯೋಷ್ಕಾ ಗೊಂಬೆ ಸಾವಿರಾರು ವರ್ಷದ್ದಾ?

ಅಲ್ಲ, ಒಂದರೊಳಗೊಂದು ಕೂರೋ ಈ ಮರದ ಗೊಂಬೆ 1890ರ ದಶಕದ್ದು. ಮಾಸ್ಕೋದ ಒಂದು ಆಟಿಕೆ ಕಾರ್ಯಾಗಾರದಲ್ಲಿ ವಸೀಲಿ ಜ್ವ್ಯೋಜ್ದೊಚ್ಕಿನ್ ಮರ ಕಡೆದ್ರು, ಸೆರ್ಗೇಯ್ ಮಲ್ಯೂತಿನ್ ಬಣ್ಣ ಬರೆದ್ರು, ಹೊರಗಿನ ಗೊಂಬೆ ಕೈಯಲ್ಲಿ ಕರಿ ಹುಂಜ ಹಿಡಿದ ರೈತ ಹುಡುಗಿ, ಒಟ್ಟು ಎಂಟು ಗೊಂಬೆ. ಜಪಾನಿನ ಒಂದು ಗೊಂಬೆ ನೋಡಿ ಹೊಳೆದಿದ್ದು ಅಂತ ಒಂದು ವಾದ ಇದೆ, ಅದು ಇನ್ನೂ ಚರ್ಚೆಯಲ್ಲೇ ಇದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಬಂದ್ಮೇಲೆ ಜಗತ್ತೆಲ್ಲ ಹಬ್ಬಿತು. ಹೊಸದು ಅಂದ ಮಾತ್ರಕ್ಕೆ ಕಡಿಮೆ ಏನಲ್ಲ, ಲಿಂಡೆನ್ ಮರವನ್ನ ವರ್ಷಗಟ್ಟಲೆ ಒಣಗಿಸಿ ಕಣ್ಣಳತೆಯಲ್ಲೇ ಒಂದರೊಳಗೆ ಒಂದು ಕೂರೋ ಹಾಗೆ ಕಡೆಯೋದು ಸುಮ್ನೆ ಮಾತಲ್ಲ.

ಖೊಖ್ಲೊಮಾ ಬಟ್ಟಲಲ್ಲಿ ನಿಜವಾದ ಚಿನ್ನ ಇದ್ಯಾ?

ಒಂದು ಗುಂಜಿನೂ ಇಲ್ಲ. ವೋಲ್ಗಾ ಕಾಡಿನ ಸೆಮ್ಯೋನೊವ್ ಕಡೆಯ ಈ ಕಸುಬಿನ ಗುಟ್ಟು ಹೀಗಿದೆ: ಲಿಂಡೆನ್ ಮರದ ಬಟ್ಟಲು ಕಡೆದು ಒಣಗಿಸಿ, ತೆಳು ಜೇಡಿಮಣ್ಣು ಬಳಿದು ಮರದ ರಂಧ್ರ ಮುಚ್ತಾರೆ. ಮೇಲೆ ಅಗಸೆ ಎಣ್ಣೆ, ಅದರ ಮೇಲೆ ಕಾಯಿಸಿದ ಅಗಸೆ ಎಣ್ಣೆಯ ಪದರಗಳು, ಒಂದು ಒಣಗಿದ ಮೇಲೆ ಇನ್ನೊಂದು. ಕೊನೆಯ ಪದರ ಇನ್ನೂ ಬೆರಳಿಗೆ ಅಂಟೋ ಹಾಗಿರುವಾಗ ತವರದ ಪುಡಿಯನ್ನ ತೊಗಲಿನ ತುಂಡಿಂದ ತಿಕ್ತಾರೆ, ಈಗ ತವರದ ಬದಲು ಅಲ್ಯೂಮಿನಿಯಂ ಪುಡಿ. ಈ ಹಂತದಲ್ಲಿ ಬಟ್ಟಲು ಪೂರ್ತಿ ಬೆಳ್ಳಿ ಥರ. ಅದರ ಮೇಲೆ ಕೆಂಪು, ಕಪ್ಪು ಬಣ್ಣದಲ್ಲಿ ಹುಲ್ಲು, ಕಾಡುಹಣ್ಣು, ಹಕ್ಕಿ ಬರೆದು ಮತ್ತೆ ವಾರ್ನಿಷ್ ಕೊಟ್ಟು ಒಲೆಯಲ್ಲಿ ಕಾಯಿಸ್ತಾರೆ. ಶಾಖಕ್ಕೆ ವಾರ್ನಿಷ್ ಹಳದಿ ತಿರುಗಿ ಕೆಳಗಿನ ಬೆಳ್ಳಿ ಚಿನ್ನವಾಗಿ ಕಾಣತ್ತೆ. ಚಿನ್ನ ಕೊಳ್ಳೋಕಾಗದ ಹಳ್ಳಿಯವರು ಎಣ್ಣೆ, ಬೆಂಕಿ, ತವರದಲ್ಲೇ ಆ ಹೊಳಪು ತಂದ್ರಲ್ಲ, ಈ ಕಸುಬುಗಳಲ್ಲಿ ನನ್ನ ಪ್ರಕಾರ ಇದಕ್ಕೇ ಮೊದಲ ಸ್ಥಾನ.

ಚರ್ಚುಗಳನ್ನೆಲ್ಲ ಮುಚ್ಚಿದಾಗ ಐಕಾನ್ ಬರೆಯೋರು ಏನು ಮಾಡಿದ್ರು?

ಪಾಲೆಖ್ ಅನ್ನೋ ಹಳ್ಳಿ ಕಥೆ ಕೇಳಿ. ತಲೆಮಾರುಗಳಿಂದ ಐಕಾನ್, ಅಂದ್ರೆ ಪೂಜೆಗೆ ಇಡೋ ದೇವರ, ಸಂತರ ಚಿತ್ರ ಬರೆದೇ ಬದುಕಿದ ಊರು, 1917ರ ಕ್ರಾಂತಿ ಆದ್ಮೇಲೆ ಕೊಳ್ಳೋರೇ ಇಲ್ಲ. 1924ರಲ್ಲಿ ಕೆಲವು ಕಲಾವಿದರು ಸೇರಿ ಸಹಕಾರ ಸಂಘ ಮಾಡ್ಕೊಂಡು ಕಾಗದದ ರಟ್ಟಿನ ಕರಿ ಡಬ್ಬಿಗಳ ಮೇಲೆ ಜನಪದ ಕಥೆ ಬರೆಯೋಕೆ ಶುರು ಮಾಡಿದ್ರು. ಮೊಟ್ಟೆ ಹಳದಿಯಲ್ಲಿ ಕಲಸಿದ ಬಣ್ಣ ಅದೇ, ಉದ್ದ ಬೆರಳಿನ ತೆಳ್ಳಗಿನ ಆಕೃತಿಗಳೂ ಅವೇ, ಸಂತರ ಜಾಗದಲ್ಲಿ ರಾಜಕುಮಾರ, ಬೆಂಕಿಹಕ್ಕಿ. ಚಿನ್ನದ ಗೆರೆ ಎಳೆದು ತೋಳದ ಹಲ್ಲಿನಿಂದ ಉಜ್ಜಿ ಹೊಳಪು ಕೊಡ್ತಾರೆ, ಈಗ್ಲೂ. ದೇವರ ಚಿತ್ರ ಬರೀಬಾರದು ಅಂದಾಗ ಆ ಕೈಗಳು ಸುಮ್ಮನೆ ಕೂರದೆ ಇದ್ದಿದ್ದಕ್ಕೇ ಆ ವಿದ್ಯೆ ಉಳೀತು, ಅಲ್ಲಿ ಈಗ ಮತ್ತೆ ಐಕಾನ್ ಕೂಡ ಬರೀತಾರೆ.

ಒಂದು ಮೊಳೇನೂ ಹೊಡೀದೆ ಕಟ್ಟಿದ ಮರದ ಚರ್ಚು ಇದ್ಯಂತಲ್ಲ?

ಒನೇಗಾ ಸರೋವರದ ಕಿಝಿ ದ್ವೀಪದ್ದು, 1714ರದ್ದು, 22 ಗುಮ್ಮಟ, ಸುಮಾರು 37 ಮೀಟರ್ ಎತ್ತರ. ದಿಮ್ಮಿಗಳನ್ನ ಮೂಲೆಯಲ್ಲಿ ಕೊಡಲಿಯಿಂದ ಕಚ್ಚು ಕೊರೆದು ಒಂದಕ್ಕೊಂದು ಕೂರಿಸಿರೋದು, ಗೋಡೆಗೆ ಮೊಳೆ ಇಲ್ಲ ಅನ್ನೋದು ನಿಜ. ಆದ್ರೆ ಗುಮ್ಮಟದ ಮೇಲಿನ ಆಸ್ಪೆನ್ ಮರದ ಸಣ್ಣ ಹಲಗೆಗಳಿಗೆ ಮೊಳೆ ಹೊಡೆದಿದಾರೆ, ಅವು ಬಿಸಿಲು ಮಳೆ ಕಂಡು ಬೆಳ್ಳಿ ಬಣ್ಣಕ್ಕೆ ತಿರುಗಿವೆ. ಇದನ್ನ ಕಟ್ಟಿದ ನೆಸ್ತೊರ್ ಅನ್ನೋ ಬಡಗಿ, ಇಂಥದ್ದು ಹಿಂದೆ ಆಗಿಲ್ಲ ಮುಂದೆ ಆಗಲ್ಲ ಅಂತ ಕೊಡಲಿಯನ್ನ ಸರೋವರಕ್ಕೆ ಎಸೆದ ಅನ್ನೋದು ಊರಿನ ಐತಿಹ್ಯ. ಇತ್ತೀಚಿನ ದುರಸ್ತಿಯಲ್ಲಿ ಇಡೀ ಚರ್ಚನ್ನ ಒಳಗಿಂದ ಉಕ್ಕಿನ ಚೌಕಟ್ಟಿಗೆ ಎತ್ತಿ ಹಿಡಿದು, ಪದರ ಪದರವಾಗಿ ಕೆಳಗಿಳಿಸಿ, ಕೆಟ್ಟ ದಿಮ್ಮಿ ಮಾತ್ರ ಬದಲಾಯಿಸಿ ವಾಪಸ್ ಜೋಡಿಸಿದ್ರು, 2020ಕ್ಕೆ ಕೆಲಸ ಮುಗೀತು.

## ಸುತ್ತಮುತ್ತಲ ಜನ

ತಾತಾರರ ಸಬಂತುಯ್ ಧಾರ್ಮಿಕ ಹಬ್ಬನಾ?

ಅಲ್ಲ, ಬೇಸಾಯದ್ದು. ಮುಂಚೆ ಬಿತ್ತನೆಗೆ ಮೊದಲು ಮಾಡ್ತಿದ್ರು, ಈಗ ಬಿತ್ತನೆ ಮುಗಿದ ಮೇಲೆ ಜೂನ್‌ನಲ್ಲಿ. ಹಬ್ಬಕ್ಕೆ ಮುಂಚೆ ಯುವಕರು ಮನೆ ಮನೆಗೆ ಹೋಗಿ ಬಹುಮಾನಕ್ಕೆ ಸಾಮಾನು ಕೂಡಿಸ್ತಾರೆ, ಅದರಲ್ಲಿ ಆ ವರ್ಷ ಮದುವೆಯಾಗಿ ಬಂದ ಸೊಸೆ ಕೈಯಾರೆ ಕಸೂತಿ ಹಾಕಿದ ಟವೆಲ್ಲಿಗೆ ದೊಡ್ಡ ಮರ್ಯಾದೆ. ಮುಖ್ಯ ಆಟ ಕುಸ್ತಿ, ಟವೆಲ್ಲನ್ನ ಎದುರಾಳಿ ಸೊಂಟಕ್ಕೆ ಸುತ್ತಿ ಹಿಡಿದು ಎತ್ತಿ ಬೆನ್ನು ನೆಲಕ್ಕೆ ತಾಗಿಸಬೇಕು. ಕೊನೆಗೆ ಗೆದ್ದ ಬಾತಿರ್‌ಗೆ, ಅಂದ್ರೆ ಜಟ್ಟಿಗೆ, ಜೀವಂತ ಟಗರು, ಅದನ್ನ ಹೆಗಲ ಮೇಲೆ ಹೊತ್ತು ಬಯಲು ಸುತ್ತು ಬರ್ತಾನೆ. ಕುದುರೆ ರೇಸು, ನುಣುಪು ಕಂಬ ಹತ್ತೋದು, ಮೊಸರಿನ ಬಟ್ಟಲಿಂದ ಬಾಯಲ್ಲೇ ನಾಣ್ಯ ತೆಗೆಯೋದು ಎಲ್ಲಾ ಇದೆ. ನೆರೆಯ ಬಷ್ಕೀರ್ ಜನರಲ್ಲೂ ಇದೇ ಹಬ್ಬ, ಚುವಾಷ್ ಜನರಲ್ಲಿ ಅಕಾತುಯ್ ಅಂತ.

ಮೈನಸ್ 50 ಡಿಗ್ರಿಯಲ್ಲಿ ಬದುಕೋ ಸಾಖಾ ಜನ ಏನು ಹಬ್ಬ ಮಾಡ್ತಾರೆ?

ಇಸಿಯಾಖ್, ಜೂನ್ ಕೊನೆಯಲ್ಲಿ, ಸೂರ್ಯ ಮುಳುಗಿದ್ರೂ ಕತ್ತಲೇ ಆಗದ ದಿನಗಳಲ್ಲಿ. ಅಂಥ ಚಳಿಗಾಲ ದಾಟಿದವರಿಗೆ ಹೊಸ ವರ್ಷ ಅಂದ್ರೆ ಇದೇ. ಬಿಳಿ ಬಟ್ಟೆಯ ಹಿರಿಯರು ಬೆಂಕಿಗೆ ಆಹಾರ ಕೊಟ್ಟು, ಹುದುಗಿಸಿದ ಕುದುರೆ ಹಾಲನ್ನ ಆಕಾಶಕ್ಕೆ, ನೆಲಕ್ಕೆ ಚಿಮುಕಿಸಿ ಹರಕೆ ಹಾಡ್ತಾರೆ. ಆ ಹಾಲು ಕುಡಿಯೋಕೆ ಚೊರೋನ್ ಅನ್ನೋ ಕೆತ್ತನೆ ಮಾಡಿದ ಮರದ ಬಟ್ಟಲು, ಕೆಲವಕ್ಕೆ ಕುದುರೆ ಗೊರಸಿನ ಆಕಾರದ ಮೂರು ಕಾಲು. ಆಮೇಲೆ ಓಸುಓಖಾಯ್ ಅನ್ನೋ ಸುತ್ತು ಕುಣಿತ, ಒಬ್ಬರು ಸ್ಥಳದಲ್ಲೇ ಸಾಲು ಕಟ್ಟಿ ಹಾಡ್ತಾರೆ, ಕೈ ಕೈ ಹಿಡಿದ ಉಳಿದವರು ಅದನ್ನೇ ಹೇಳ್ತಾ ಸೂರ್ಯ ಸುತ್ತೋ ದಿಕ್ಕಲ್ಲಿ ಹೆಜ್ಜೆ ಹಾಕ್ತಾರೆ, ನೂರಾರು ಜನ, ಗಂಟೆಗಟ್ಟಲೆ. ಬೆಳಗಿನ ಜಾವ ಎಲ್ಲರೂ ಪೂರ್ವಕ್ಕೆ ತಿರುಗಿ ಕೈ ಎತ್ತಿ ಸೂರ್ಯನನ್ನ ಬರಮಾಡ್ಕೋತಾರೆ.

ಇವರ ಮಹಾಕಾವ್ಯ ಓಲೊಂಖೊ, ಒಂದೊಂದು 10,000ದಿಂದ 15,000 ಸಾಲು, ವಾದ್ಯ ಇಲ್ಲದೆ ಒಬ್ಬನೇ ಕೂತು ಎಲ್ಲಾ ಪಾತ್ರಗಳ ದನಿಯಲ್ಲೂ ಹಾಡೋದು.

ಯೂರೋಪಲ್ಲಿ ಬೌದ್ಧರ ರಾಜ್ಯ ಇದ್ಯಂತೆ, ಅದಕ್ಕೂ ಕರ್ನಾಟಕಕ್ಕೂ ಏನೋ ಸಂಬಂಧ ಅಂತೆ?

ಕಲ್ಮೀಕಿಯಾ, ಕಾಸ್ಪಿಯನ್ ಸಮುದ್ರದ ವಾಯವ್ಯಕ್ಕೆ. 17ನೇ ಶತಮಾನದಲ್ಲಿ ಮಂಗೋಲಿಯಾ ಕಡೆಯಿಂದ ವೋಲ್ಗಾ ಬಯಲಿಗೆ ಬಂದ ಓಯಿರಾತ್ ಜನ ಇವರು, ಟಿಬೆಟನ್ ಬೌದ್ಧಧರ್ಮ ತಂದವರು. 1943ರ ಡಿಸೆಂಬರಲ್ಲಿ ಸ್ಟಾಲಿನ್ ಸರ್ಕಾರ ಇಡೀ ಜನಾಂಗವನ್ನ ದನದ ಗಾಡಿಯಂಥ ರೈಲಲ್ಲಿ ತುಂಬಿ ಸೈಬೀರಿಯಾಕ್ಕೆ ಎಸೀತು, ದಾರಿಯಲ್ಲಿ, ಅಲ್ಲಿನ ಚಳಿಯಲ್ಲಿ ಸಾವಿರಾರು ಜನ ಸತ್ರು, ವಾಪಸ್ ಬರೋಕೆ ಬಿಟ್ಟಿದ್ದು 1957ರಲ್ಲಿ. ದೇವಾಲಯಗಳಂತೂ ಅದಕ್ಕೆ ಮುಂಚೆಯೇ ನೆಲಸಮ ಆಗಿದ್ವು. ಭಿಕ್ಷುಗಳಿಲ್ಲ, ಗ್ರಂಥ ಇಲ್ಲ, ಎಲ್ಲಾ ಮೊದಲಿಂದ ಕಟ್ಟಬೇಕಿತ್ತು.

ಇಲ್ಲೇ ಉತ್ತರ ಕನ್ನಡದ ಮುಂಡಗೋಡ ಬರತ್ತೆ. ಟಿಬೆಟ್ಟಿನ ಡ್ರೆಪುಂಗ್ ಗೋಮಾಂಗ್ ವಿಹಾರಕ್ಕೆ ಮಂಗೋಲ್, ಬುರ್ಯಾತ್, ಕಲ್ಮೀಕ್ ಭಿಕ್ಷುಗಳು ಶತಮಾನಗಳಿಂದ ಓದೋಕೆ ಹೋಗ್ತಿದ್ರು, ಆ ವಿಹಾರ ಈಗ ಮುಂಡಗೋಡದಲ್ಲಿದೆ. ಸೋವಿಯತ್ ಕಾಲ ಮುಗಿದ ಮೇಲೆ ಅಲ್ಲಿನ ಹುಡುಗರು ಮತ್ತೆ ಓದೋಕೆ ಬಂದಿದ್ದು ಇಲ್ಲಿಗೆ. 1992ರಿಂದ ಮೂರು ದಶಕ ಕಲ್ಮೀಕಿಯಾದ ಮುಖ್ಯ ಲಾಮಾ ಆಗಿದ್ದ ತೇಲೋ ತುಲ್ಕು ರಿನ್ಪೊಚೆ ಬೆಳೆದು ಕಲಿತಿದ್ದೂ ಅಲ್ಲೇ. 2005ರಲ್ಲಿ ರಾಜಧಾನಿ ಎಲಿಸ್ತಾದಲ್ಲಿ ಎದ್ದ ದೊಡ್ಡ ಬುದ್ಧ ದೇವಾಲಯದ ಹಿಂದೆ ನಮ್ಮ ಮಲೆನಾಡಿನ ಅಂಚಿನ ಒಂದು ಊರಿನ ಪಾಠಶಾಲೆಯ ಪಾಲೂ ಇದೆ ಅನ್ನೋದು ನಮಗೇ ಗೊತ್ತಿಲ್ಲದಿರೋದು ಬೇಸರ.

ಬೋರ್ಷ್ ರಷ್ಯಾದ್ದಾ, ಉಕ್ರೇನ್‌ದಾ?

ಬೀಟ್‌ರೂಟ್ ಹಾಕಿದ ಈ ಕೆಂಪು ಸೂಪನ್ನ ರಷ್ಯಾ, ಪೋಲೆಂಡ್, ಲಿಥುವೇನಿಯಾ ಎಲ್ಲಾ ಕಡೆ ಮಾಡ್ತಾರೆ, ಆದ್ರೆ ಅದು ಮನೆಮನೆಯ ದಿನನಿತ್ಯದ ಊಟವಾಗಿ, ಊರಿಗೊಂದು ರೀತಿಯಾಗಿ ಬೇರುಬಿಟ್ಟಿರೋದು ಉಕ್ರೇನಲ್ಲಿ, ಇದರಲ್ಲಿ ನನಗೆ ಅನುಮಾನ ಇಲ್ಲ. 2022ರ ಜುಲೈ 1ರಂದು ಯುನೆಸ್ಕೋ ಉಕ್ರೇನಿನ ಬೋರ್ಷ್ ಅಡುಗೆ ಪದ್ಧತಿಯನ್ನ ತುರ್ತಾಗಿ ಕಾಪಾಡಬೇಕಾದ ಪಟ್ಟಿಗೆ ಸೇರಿಸ್ತು. ಕಾರಣ ಯುದ್ಧ, ಹಿತ್ತಲು ಬಿಟ್ಟು ಓಡಿದವರು ತರಕಾರಿ ಎಲ್ಲಿ ಬೆಳೀತಾರೆ, ಯಾರ ಜೊತೆ ಕೂತು ಉಣ್ತಾರೆ. ಪಟ್ಟಿಗೆ ಸೇರಿದ್ರೆ ಬೇರೆಯವರು ಮಾಡಬಾರದು ಅಂತ ಅರ್ಥ ಅಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಕೀವ್ ಹತ್ರದ ಇವಾಂಕಿವ್ ಮ್ಯೂಸಿಯಂ ಬೆಂಕಿಗೆ ಸಿಕ್ಕಾಗ ಜಾನಪದ ಕಲಾವಿದೆ ಮರಿಯಾ ಪ್ರಿಮಾಚೆಂಕೊ ಚಿತ್ರಗಳನ್ನ ಊರಿನವರು ಒಳಗೆ ನುಗ್ಗಿ ಹೊತ್ತು ತಂದ್ರು.

ಈಗ್ಲೂ ಕಾಡಲ್ಲೇ ಪೂಜೆ ಮಾಡೋರು ಇದಾರಾ?

ಇದಾರೆ, ವೋಲ್ಗಾ ಕಡೆಯ ಮಾರಿ ಜನ. ಪವಿತ್ರ ತೋಪುಗಳಲ್ಲಿ ಮರದ ಕೆಳಗೆ ದೊಡ್ಡ ಹಂಡೆ ಇಟ್ಟು ಬಲಿ ಕೊಟ್ಟದ್ದನ್ನ ಬೇಯಿಸಿ, ಪೂಜಾರಿ ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚ್ತಾರೆ. ಆ ತೋಪಲ್ಲಿ ಕೊಂಬೆ ಮುರಿಯಂಗಿಲ್ಲ, ಜೋರಾಗಿ ಮಾತಾಡಂಗಿಲ್ಲ.

## ಇನ್ನೂ ಆಳಕ್ಕೆ

ಬ್ಲಿನಿ ಗುಂಡಗಿರೋದು ಸೂರ್ಯನ ಗುರುತು, ಮಾಸ್ಲೆನಿತ್ಸಾ ಸೂರ್ಯದೇವರ ಹಬ್ಬ ಅಂತಾರೆ, ಸರೀನಾ?

ಕೇಳೋಕೆ ಚೆಂದ, ಆಧಾರ ತೀರಾ ಕಮ್ಮಿ. 988ರಲ್ಲಿ ಕೀವ್ ರಾಜ ವ್ಲಾದಿಮಿರ್ ಕ್ರೈಸ್ತನಾಗೋದಕ್ಕಿಂತ ಮುಂಚಿನ ಸ್ಲಾವ್ ಜನ, ಅಂದ್ರೆ ಇವತ್ತಿನ ರಷ್ಯನ್ನರ, ಉಕ್ರೇನಿನವರ ಹಿಂದಿನವರು, ತಮ್ಮ ಪೂಜೆಗಳ ಬಗ್ಗೆ ತಾವೇ ಬರೆದಿಟ್ಟದ್ದು ಏನೂ ಇಲ್ಲ. ಸೂರ್ಯನ ವಿವರಣೆ 19ನೇ ಶತಮಾನದ ವಿದ್ವಾಂಸರದ್ದು. ಹಳ್ಳಿಗಳಲ್ಲಿ ದಾಖಲಾಗಿರೋ ಆಚರಣೆ ನೋಡಿದ್ರೆ ಬ್ಲಿನಿಗೆ ಗಟ್ಟಿ ಸಂಬಂಧ ಇರೋದು ಸತ್ತವರ ಜೊತೆ. ತಿಥಿ ಊಟದಲ್ಲಿ ಬ್ಲಿನಿ ಇರಲೇಬೇಕು, ಮಾಸ್ಲೆನಿತ್ಸಾದ ಮೊದಲ ಬ್ಲಿನ್ ಎಷ್ಟೋ ಕಡೆ ಹಿರಿಯರ ಹೆಸರಲ್ಲಿ ಕಿಟಕಿ ಹತ್ರ ಇಡ್ತಿದ್ರು, ಇಲ್ಲ ಭಿಕ್ಷುಕರಿಗೆ ಕೊಡ್ತಿದ್ರು. ಬೊಂಬೆ ಸುಡೋದು, ಹೊಸ ದಂಪತಿಗಳ ಸುತ್ತ ನಡೆಯೋ ಆಟ ಇವೆಲ್ಲ ಚರ್ಚಿನಿಂದ ಬಂದಿದ್ದಲ್ಲ ಅನ್ನೋದು ಸ್ಪಷ್ಟ, ಆದ್ರೆ ಅದರಾಚೆ ದೇವರ ಹೆಸರು ಹೇಳೋಕೆ ಹೋದ್ರೆ ಊಹೆ.

ಎರಡು ಬೆರಳಾ ಮೂರು ಬೆರಳಾ ಅಂತ ಜನ ಪ್ರಾಣ ಬಿಟ್ರಂತೆ, ಏನದು?

1650ರ ದಶಕದಲ್ಲಿ ರಷ್ಯನ್ ಚರ್ಚಿನ ಮುಖ್ಯಸ್ಥ, ಪೇಟ್ರಿಯಾರ್ಕ್ ನಿಕೊನ್ ಪ್ರಾರ್ಥನಾ ವಿಧಿಗಳನ್ನ ಗ್ರೀಕರ ಪದ್ಧತಿಗೆ ಹೊಂದಿಸಿ ತಿದ್ದಿದ್ರು, ಶಿಲುಬೆ ಗುರುತು ಎರಡು ಬೆರಳಿನ ಬದಲು ಮೂರು ಬೆರಳಲ್ಲಿ ಅಂತ. ಒಪ್ಪದವರನ್ನ 1666-67ರ ಸಭೆ ಬಹಿಷ್ಕರಿಸ್ತು, ಅವರ ನಾಯಕ ಅವ್ವಾಕುಮ್‌ನನ್ನ 1682ರಲ್ಲಿ ಜೀವಂತ ಸುಟ್ರು. ಬೆರಳಿನ ವಿಷಯ ಸಣ್ಣದು ಅನ್ಸಬಹುದು, ಆದ್ರೆ ಅಪ್ಪ ಅಜ್ಜ ಮಾಡ್ಕೊಂಡು ಬಂದಿದ್ದನ್ನ ಮೇಲಿನವರು ಒಂದು ದಿನ ತಪ್ಪು ಅಂದ್ಬಿಟ್ರೆ ಅಪ್ಪ ಅಜ್ಜ ಎಲ್ಲ ನರಕಕ್ಕೆ ಹೋದ್ರಾ ಅನ್ನೋ ಪ್ರಶ್ನೆ ಅದು. ಕಾಡಿಗೆ, ಸೈಬೀರಿಯಾಕ್ಕೆ, ಗಡಿಯಾಚೆಗೆ ಓಡಿದ್ರು. ಇವತ್ತಿನ ಬೆಲಾರೂಸಿನ ವೆತ್ಕಾ ಕಡೆ ನೆಲೆಸಿದ್ದವರನ್ನ 1760ರ ದಶಕದಲ್ಲಿ ಕ್ಯಾಥರಿನ್ ರಾಣಿ ಕಾಲದಲ್ಲಿ ಬೈಕಾಲ್ ಆಚೆಗೆ ಸಂಸಾರ ಸಮೇತ ಸಾಗಿಸಿದ್ರು, ಅವರೇ ಸೆಮೈಸ್ಕಿಯೆ. ಬುರ್ಯಾತರ ನೆರೆಯಲ್ಲಿ ತರ್ಬಗತಾಯ್‌ನಂಥ ಹಳ್ಳಿಗಳಲ್ಲಿ ಬಣ್ಣಬಣ್ಣದ ಮನೆ, ಹೆಂಗಸರ ಕೊರಳಲ್ಲಿ ದಪ್ಪ ಅಂಬರ್ ಮಣಿ, ಹಲವು ದನಿ ಒಟ್ಟಿಗೆ ಹೆಣೆಯೋ ಹಾಡು, ಹಳೇ ವಿಧಿ. ಮಾಸ್ಕೋ ಚರ್ಚು ಆ ಬಹಿಷ್ಕಾರ ವಾಪಸ್ ತಗೊಂಡಿದ್ದು 1971ರಲ್ಲಿ.

ಇಷ್ಟೆಲ್ಲ ಇದ್ದೂ ಯುನೆಸ್ಕೋದ ಅಮೂರ್ತ ಪರಂಪರೆ ಪಟ್ಟಿಗೆ ರಷ್ಯಾದಿಂದ ಹೋಗಿದ್ದು ಎರಡೇ ಯಾಕೆ?

ಹಬ್ಬ, ಹಾಡು, ಕಸುಬಿನಂಥ ಸಂಪ್ರದಾಯಗಳ ಆ ಪಟ್ಟಿ ನಿಂತಿರೋದು 2003ರ ಒಂದು ಅಂತರರಾಷ್ಟ್ರೀಯ ಒಪ್ಪಂದದ ಮೇಲೆ, 2008ರಲ್ಲಿ ಪಟ್ಟಿ ಶುರುವಾದಾಗ ರಷ್ಯಾ ಅದಕ್ಕೆ ಸೇರಿರಲಿಲ್ಲ. ಆ ಎರಡು ಬಂದಿದ್ದು ಅದಕ್ಕೂ ಮುಂಚೆ ನಡೀತಿದ್ದ ಇನ್ನೊಂದು ಘೋಷಣೆಯಿಂದ, 2001ರಲ್ಲಿ ಸೆಮೈಸ್ಕಿಯೆ, 2005ರಲ್ಲಿ ಓಲೊಂಖೊ. ಅಂದ್ರೆ ರಷ್ಯಾ ಹೆಸರಲ್ಲಿ ಅಲ್ಲಿ ನಿಂತಿರೋದು ಒಂದು, ಬಹಿಷ್ಕಾರಕ್ಕೊಳಗಾದವರ ಸಂಪ್ರದಾಯ, ಇನ್ನೊಂದು ಸೈಬೀರಿಯಾದ ತುರ್ಕಿ ಭಾಷೆಯ ಜನರ ಕಾವ್ಯ. ಮಾಸ್ಲೆನಿತ್ಸಾ, ಬಾನ್ಯಾ ಇಲ್ಲ ಅಂತ ಅವುಗಳ ಬೆಲೆ ಇಳಿಯಲ್ಲ, ಪಟ್ಟಿ ನೋಡಿ ಯಾವ ಸಂಸ್ಕೃತಿ ದೊಡ್ಡದು ಅಂತ ತೀರ್ಮಾನ ಮಾಡೋದು ಬೇಡ.

ಬೀದರ್‌ಗೆ ಬಂದಿದ್ದ ರಷ್ಯನ್ ವ್ಯಾಪಾರಿ ತನ್ನ ಹಬ್ಬ ಹರಿದಿನ ಹೇಗೆ ಮಾಡ್ಕೊಂಡ?

ತ್ವೇರ್ ಊರಿನ ಅಫನಾಸಿ ನಿಕಿತಿನ್, 1470ರ ಆಸುಪಾಸು ಬಹಮನಿ ರಾಜ್ಯದಲ್ಲಿದ್ದ. ದಾರಿಯಲ್ಲೇ ದರೋಡೆಯಾಗಿ ಧರ್ಮಗ್ರಂಥಗಳು ಹೋದ್ವು, ಅವಿಲ್ಲದೆ ಈಸ್ಟರ್ ಯಾವತ್ತು ಅಂತ ಲೆಕ್ಕ ಹಾಕೋಕಾಗಲ್ಲ, ಯಾಕಂದ್ರೆ ಆ ಹಬ್ಬ ಚಂದ್ರನ ಲೆಕ್ಕದಲ್ಲಿ ಪ್ರತಿ ವರ್ಷ ಜರುಗತ್ತೆ. ಉಪವಾಸದ ಬುಧವಾರ ಶುಕ್ರವಾರ ಯಾವುದು ಅನ್ನೋದೂ ತಪ್ಪಿಹೋಯ್ತು ಅಂತ ಸಂಕಟಪಟ್ಟು ಬರ್ಕೊಂಡಿದಾನೆ. ಕೊನೆಗೆ ಅಂದಾಜಲ್ಲಿ ಈಸ್ಟರ್ ಮಾಡ್ದ, ಮುಸ್ಲಿಮರ ಜೊತೆ ಅವರ ಉಪವಾಸದಲ್ಲಿ ಉಪವಾಸ ಇದ್ದ. ಜುನ್ನರ್‌ನಲ್ಲಿ ಅಲ್ಲಿನ ಖಾನ್ ಇವನ ಕುದುರೆ ಕಿತ್ಕೊಂಡು ಮತ ಬದಲಾಯಿಸಿದ್ರೆ ಕುದುರೆ ಜೊತೆ ಸಾವಿರ ಚಿನ್ನದ ನಾಣ್ಯ ಕೊಡ್ತೀನಿ ಅಂದಾಗಲೂ ಒಪ್ಪಲಿಲ್ಲ, ಖುರಾಸಾನಿನ ಒಬ್ಬ ಮುಸ್ಲಿಂ ಅಧಿಕಾರಿ ಮಧ್ಯೆ ಬಂದು ಬಿಡಿಸಿದ.

ಬೀದರಲ್ಲಿ ಆ ಕುದುರೆ ಮಾರಿದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದರಲ್ಲೂ ನೂರು ಕಾವಲುಗಾರರು, ನೂರು ಬರಹಗಾರರು ಅಂತ ಬರೆದಿದಾನೆ, ಹಳ್ಳಿಯವರು ತೀರಾ ಬಡವರು, ಅಮೀರರು ಬೆಳ್ಳಿ ಪಲ್ಲಕ್ಕಿಯಲ್ಲಿ ಮೆರೀತಾರೆ ಅಂತಲೂ ಬರೆದಿದಾನೆ. ಇಲ್ಲಿನ ಹಿಂದೂಗಳ ಸ್ನೇಹ ಮಾಡ್ಕೊಂಡು ಅವರ ಜೊತೆ ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿ ಬಂದ. ಪ್ರಾರ್ಥನೆ ಬರೆಯುವಾಗ ರಷ್ಯನ್ ಜೊತೆ ತುರ್ಕಿ, ಫಾರ್ಸಿ, ಅರಬ್ಬಿ ಮಾತು ಬೆರೆಸ್ತಾನೆ. ವಾಪಸ್ ಹೋಗೋ ದಾರಿಯಲ್ಲಿ ಸ್ಮೊಲೆನ್ಸ್ಕ್ ತಲುಪೋ ಮುಂಚೆಯೇ ತೀರ್ಕೊಂಡ, ಟಿಪ್ಪಣಿಗಳನ್ನ ಜೊತೆಗಿದ್ದ ವ್ಯಾಪಾರಿಗಳು ಮಾಸ್ಕೋಗೆ ಮುಟ್ಟಿಸಿದ್ರು. ತ್ವೇರ್‌ನಲ್ಲಿ ವೋಲ್ಗಾ ದಡದಲ್ಲಿ 1955ರಲ್ಲಿ ಇಟ್ಟ ಅವನ ಪ್ರತಿಮೆ ಇದೆ.